ಕುಸುಬೆ: ನಮ್ಮ ಹೊಲದ ಅಂಚಿನ ಹೂವು

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಯ ನೂರು ವರ್ಷಗಳ ಇತಿಹಾಸವನ್ನು ಹಿರಿಯರು ಈಗಾಗಲೇ ಸವಿಸ್ತಾರವಾಗಿ ನಿರೂಪಿಸಿದ್ದಾರೆ. ಅದನ್ನೇ ಮತ್ತೆ ಹೇಳಿ ತಮ್ಮ ಸಮಯವನ್ನು ನಾವು ತೆಗೆದುಕೊಳ್ಳುವುದಿಲ್ಲ. ಇಂದಿನ ಉಪನ್ಯಾಸಕ್ಕೆ ನಾವು ಆರಿಸಿಕೊಂಡಿರುವ ವಿಷಯ ಒಂದು ಗಿಡ. ದಾಳಿಂಬ ಎಂಬ ಊರಿನಲ್ಲಿ ಗಿಡದ ಮಾತು ಬಂದರೆ ದಾಳಿಂಬೆಯೇ ಇರಬೇಕೆಂದು ತಾವು ಊಹಿಸಬಹುದು. ಆದರೆ ನಾವು ಹೇಳಹೊರಟಿರುವುದು ಕುಸುಬೆಯನ್ನು ಕುರಿತು. ಈ ಸಭೆಯಲ್ಲಿರುವ ಅರುವತ್ತು ದಾಟಿದವರೆಲ್ಲರೂ ಅದರ ಮುಳ್ಳು ಚುಚ್ಚಿಸಿಕೊಂಡವರೇ. ಹತ್ತು ದಾಟದ ಮಕ್ಕಳಲ್ಲಿ ಬಹುಪಾಲು ಅದನ್ನು ಕಂಡವರಲ್ಲ. ಎರಡು ತಲೆಮಾರುಗಳ ನಡುವಿನ ಈ ಅಂತರವೇ ನಮ್ಮ ಇಂದಿನ ಮಾತಿಗೆ ಕಾರಣ.

ಮೊದಲು ಹೆಸರಿನ ವಿಚಾರ. ಸಂಸ್ಕೃತದ ‘ಕುಸುಂಭ’ ಕನ್ನಡದಲ್ಲಿ ಕುಸುಬೆಯಾಯಿತು. ನಮ್ಮ ಸೀಮೆಯ ಆಡುಮಾತಿನಲ್ಲಿ ಅದು ಕುಸುಬಿ. ಮರಾಠಿ ಬಂಧುಗಳು ಅದನ್ನು ಕರಡಈ ಎನ್ನುತ್ತಾರೆ, ಅದರ ಎಣ್ಣೆಯನ್ನು ಕರಡೀ ತೇಲ ಎನ್ನುತ್ತಾರೆ. ಕನ್ನಡ ಬಲ್ಲ ಮಗುವಿಗೆ ‘ಕರಡಿ’ ಎಂದರೆ ಕಾಡಿನ ಪ್ರಾಣಿ. ಆದ್ದರಿಂದ ಅಂಗಡಿಯಲ್ಲಿ ‘ಕರಡೀ ಎಣ್ಣೆ’ ಎಂಬ ಮಾತು ಕೇಳಿದ ಮಗು, ಕರಡಿಯನ್ನು ಗಾಣಕ್ಕೆ ಹಾಕುತ್ತಾರೆಯೇ ಎಂದು ಬೆರಗಾಗುವುದು ಗಡಿಸೀಮೆಯ ಮನೆಗಳಲ್ಲಿ ಹೊಸ ಹಾಸ್ಯವೇನಲ್ಲ. ನಗರದ ಅಂಗಡಿಯ ಡಬ್ಬದ ಮೇಲೆ ಅದೇ ವಸ್ತು ‘ಸ್ಯಾಫ್ಲವರ್’ ಆಗಿರುತ್ತದೆ. ಸಸ್ಯಶಾಸ್ತ್ರಜ್ಞರು ಇದಕ್ಕೆ ಕಾರ್ಥಾಮಸ್ ಟಿಂಕ್ಟೋರಿಯಸ್ ಎಂದು ಹೆಸರಿಟ್ಟಿದ್ದಾರೆ. ಮೊದಲ ಪದದ ಮೂಲ ಅರಬ್ಬಿಯ ‘ಕುರ್ತುಮ್’. ಎರಡನೆಯದು ಬಣ್ಣಗಾರಿಕೆಗೆ ಸಂಬಂಧಿಸಿದ ಲ್ಯಾಟಿನ್ ಪದ. ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ, ಒಂದೇ ಹಂಗಾಮಿನಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಕೊಟ್ಟು ಒಣಗುವ ಏಕವಾರ್ಷಿಕ ಸಸ್ಯವಿದು.

ನಮ್ಮ ನೆಲದ್ದೇ ಎಂದು ನಾವು ಭಾವಿಸಿರುವ ಈ ಗಿಡದ ತವರು ಬಹುದೂರದಲ್ಲಿದೆ. ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಿಂದ ಇರಾಕಿನವರೆಗೆ ಹಬ್ಬಿರುವ ಒಣನಾಡಿನಲ್ಲಿ ಇದರ ಕಾಡುಬಂಧುಗಳು ಇಂದಿಗೂ ತಾವಾಗಿ ಬೆಳೆಯುತ್ತವೆ. ಅಲ್ಲಿನ ಜನ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಅದನ್ನು ಹೊಲಕ್ಕೆ ತಂದು ಪಳಗಿಸಿದರು. ಈಜಿಪ್ಟಿನ ಪ್ರಾಚೀನರು ಅದರ ಹೂವಿನಿಂದ ಬಟ್ಟೆಗೆ ಬಣ್ಣ ಕಟ್ಟಿದರು. 1922ರಲ್ಲಿ ತೆರೆದ ತೂತನ್‌ಖಾಮನ್ ದೊರೆಯ ಸಮಾಧಿಯಲ್ಲಿ ದೊರೆತ ವಸ್ತುಗಳಲ್ಲಿ ಕುಸುಬೆಯ ಬೀಜಗಳೂ ಇದ್ದವು. ನಮ್ಮ ದೇಶಕ್ಕೂ ಅದು ಬಹು ಹಿಂದೆಯೇ ಬಂದು ನೆಲೆನಿಂತಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕೃಷಿಯ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ತಡವಾಗಿ ಬಿತ್ತಬೇಕಾದ ಬೆಳೆಗಳ ಪಟ್ಟಿಯೊಂದಿದೆ. ಅಲ್ಲಿ ಹುರುಳಿ, ಗೋಧಿ, ಅಗಸೆ, ಸಾಸಿವೆಗಳ ಜೊತೆಗೆ ಕುಸುಂಭವೂ ನಿಂತಿದೆ. ನಮ್ಮ ರೈತರು ಹಿಂಗಾರಿ ಎಂದು ಕರೆಯುವುದೂ ಅದನ್ನೇ. ಕಾಳಿದಾಸನ ಋತುಸಂಹಾರದ ವಸಂತವರ್ಣನೆಯಲ್ಲಿ ಕುಸುಂಭದಿಂದ ಕೆಂಪೇರಿದ ಉಡುಗೆ ಬರುತ್ತದೆ. ಹೊರಗಿನಿಂದ ಬಂದದ್ದು ಹೀಗೆ ಒಳಗಿನದಾಯಿತು. ಒಂದು ನೆಲದ ಮಳೆ, ಮಣ್ಣು, ಮಾತುಗಳಿಗೆ ಹೊಂದಿಕೊಂಡು ಬೇರೂರಿದ್ದು ಆ ನೆಲದ್ದೇ ಎಂಬುದಕ್ಕೆ ಕುಸುಬೆಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆ ಹೊಂದಾಣಿಕೆಯ ಬಗೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಬಹುಭಾಗ ಎರೆಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಬಿರಿಯುವ ಕಪ್ಪು ಮಣ್ಣು. ಹಿಂದೆ ಹಿಂಗಾರಿ ಹೊಲಗಳನ್ನು ಮುಂಗಾರಿನಲ್ಲಿ ಬಿತ್ತದೆ ಹರಗಿ ಬಿಡುತ್ತಿದ್ದರು. ಉತ್ತರೆ, ಹಸ್ತೆ ಮಳೆಗಳು ಸುರಿದು ಹದ ಸಿಕ್ಕ ಮೇಲೆ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಜೋಳ, ಕಡಲೆ, ಕುಸುಬೆಗಳ ಬಿತ್ತನೆ. ಅಲ್ಲಿಂದ ಮುಂದೆ ಮಳೆ ಬಂದರೆ ಬಂತು, ಬಾರದಿದ್ದರೆ ಇಲ್ಲ. ಮಣ್ಣಿನೊಳಗೆ ಉಳಿದ ತೇವವೇ ಬೆಳೆಯ ಬಂಡವಾಳ.

ಮೊಳೆತ ಕುಸುಬೆ ಸುಮಾರು ಒಂದು ತಿಂಗಳ ಕಾಲ ಮೇಲಕ್ಕೆ ಏಳುವುದೇ ಇಲ್ಲ. ಎಲೆಗಳನ್ನು ನೆಲಕ್ಕೆ ಅಂಟಿದಂತೆ ಚಕ್ರಾಕಾರವಾಗಿ ಹರಡಿಕೊಂಡು ಸುಮ್ಮನೆ ಕುಳಿತಿರುತ್ತದೆ. ಬೆಳೆ ಏಳಲಿಲ್ಲವೆಂದು ಹೊಸಬರು ಗಾಬರಿಯಾಗಬಹುದು. ಆದರೆ ಆ ಅವಧಿಯಲ್ಲಿ ಅದರ ಕೆಲಸ ನಡೆದಿರುವುದು ನೆಲದ ಕೆಳಗೆ. ತಾಯಿಬೇರು ಆಳಕ್ಕೆ ಇಳಿಯುತ್ತಿರುತ್ತದೆ. ಆಳವಾದ ಮಣ್ಣಿದ್ದರೆ ಅದು 2 ಮೀಟರಿಗೂ ಮಿಕ್ಕಿ ಹೋಗಬಲ್ಲದು. ಜೋಳದ ಬೇರು ತಲುಪದ ತೇವವನ್ನು ಅದು ಹೀರಿ ತರುತ್ತದೆ. ಶಾಲೆಗೆ ಸೇರಿದ ಮೊದಲ ವರ್ಷದಲ್ಲಿ ಮಗು ಏನೂ ಕಲಿಯಲಿಲ್ಲವೆಂದು ದೂರುವ ಪಾಲಕರಿಗೆ ನಾವು ಈ ಗಿಡವನ್ನು ತೋರಿಸುವುದುಂಟು.

ಈ ಎಳೆಯ ಹಂತದಲ್ಲಿ ಎಲೆಗಳು ಮೃದು. ಸಾಲು ತೆಳುಗೊಳಿಸುವಾಗ ಕಿತ್ತ ಸಸಿಗಳು ಮನೆಗೆ ಬಂದು ಪಲ್ಯವಾಗುತ್ತವೆ. ಅನಂತರ ಕಾಂಡ ಮೇಲೇರುತ್ತದೆ, ಕವಲೊಡೆಯುತ್ತದೆ, ಎಲೆಯಂಚಿನಲ್ಲಿ ಮುಳ್ಳು ಮೂಡುತ್ತದೆ. ಎರಡರಿಂದ ನಾಲ್ಕು ಅಡಿ ಎತ್ತರದ ಗಿಡದ ಪ್ರತಿ ಕವಲಿನ ತುದಿಯಲ್ಲೂ ಒಂದೊಂದು ಹೂತಲೆ. ಅದರ ಸುತ್ತ ಮುಳ್ಳಿನ ಪುಷ್ಪಪತ್ರಗಳ ಕೋಟೆ. ಕೋಟೆಯ ಬಾಯಲ್ಲಿ ಹಳದಿ, ಕಿತ್ತಳೆ ಬಣ್ಣದ ಎಳೆಗಳಂತಹ ಹೂಗಳ ಗೊಂಚಲು. ಬಾಡುತ್ತ ಬಂದಂತೆ ಅವು ಕೆಂಪಾಗುತ್ತವೆ. ನಾವು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ಹತ್ತಾರು ಚಿಕ್ಕ ಹೂಗಳ ಸಮೂಹ. ಅದಕ್ಕೆ ಜೇನುನೊಣಗಳ ಮುತ್ತಿಗೆ. ಹೂ ಒಣಗಿದ ಮೇಲೆ ಆ ತಲೆಯೊಳಗೆ ಬಿಳಿಯ, ನುಣುಪಾದ, ಪುಟ್ಟ ಹಲ್ಲಿನಂತಹ ಬೀಜಗಳು ಬಲಿಯುತ್ತವೆ. ತಲೆ ಬಿಗಿಯಾಗಿ ಮುಚ್ಚಿಕೊಂಡೇ ಇರುವುದರಿಂದ ಬೀಜ ಸುಲಭವಾಗಿ ಉದುರುವುದಿಲ್ಲ, ಹಕ್ಕಿಗೂ ಸುಲಭವಾಗಿ ಸಿಗುವುದಿಲ್ಲ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಇಡೀ ಗಿಡ ಒಣಗಿ ಕೊಯ್ಲಿಗೆ ಸಿದ್ಧವಾಗುತ್ತದೆ.

ಮುಳ್ಳು ಇರುವುದರಿಂದಲೇ ಈ ಗಿಡಕ್ಕೆ ಹೊಲದಲ್ಲಿ ಒಂದು ವಿಶೇಷ ಸ್ಥಾನ ದೊರೆಯಿತು. ಜೋಳದ ಹೊಲದ ನಾಲ್ಕೂ ಅಂಚಿಗೆ ಕೆಲವು ಸಾಲು ಕುಸುಬೆ ಬಿತ್ತುವುದು ನಮ್ಮ ಹಿರಿಯರ ಪದ್ಧತಿ. ಹೊಲದ ನಡುವೆಯೂ ಅಲ್ಲಲ್ಲಿ ಅಕ್ಕಡಿ ಸಾಲಾಗಿ ಅದನ್ನು ಬಿಡುತ್ತಿದ್ದರು. ದಾರಿಯಲ್ಲಿ ಹೋಗುವ ದನ ಒಮ್ಮೆ ಮೂತಿ ಚುಚ್ಚಿಸಿಕೊಂಡರೆ ಮತ್ತೆ ಆ ಕಡೆ ತಿರುಗುತ್ತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಗಾದೆಯನ್ನು ನಾವೆಲ್ಲ ಬಲ್ಲೆವು. ಕುಸುಬೆ ಅದಕ್ಕೆ ತದ್ವಿರುದ್ಧವಾದ ಬೇಲಿ. ಹೊಲವನ್ನು ಕಾಯ್ದು, ಕೊನೆಯಲ್ಲಿ ತಾನೂ ಒಂದು ಫಸಲು ಕೊಟ್ಟು ಹೋಗುವ ಬೇಲಿ.

ಕೊಯ್ಲಿನ ಕಷ್ಟವನ್ನು ಮರೆಮಾಚಬಾರದು. ಬಿಸಿಲೇರಿದ ಮೇಲೆ ಕುಸುಬೆಯ ಮುಳ್ಳು ಸೂಜಿಯಾಗುತ್ತದೆ. ಆದ್ದರಿಂದ ನಸುಕಿನಲ್ಲಿ, ಇಬ್ಬನಿಯಿಂದ ಮುಳ್ಳು ಮೆತ್ತಗಿರುವಾಗಲೇ ಕೈಗೆ, ಕಾಲಿಗೆ ಬಟ್ಟೆ ಸುತ್ತಿಕೊಂಡು ಕೊಯ್ಯಬೇಕು. ಈ ಕೆಲಸದ ಹೆಚ್ಚಿನ ಭಾರ ಹೊತ್ತವರು ಹೆಣ್ಣುಮಕ್ಕಳು. ಕೊಯ್ದದ್ದನ್ನು ಒಟ್ಟಿ, ಒಣಗಿಸಿ, ಕೋಲಿನಿಂದ ಬಡಿದು, ತೂರಿ ರಾಶಿ ಮಾಡಬೇಕು. ಉಳಿದ ಮುಳ್ಳುಕಡ್ಡಿ ಒಲೆಗೆ, ಇಲ್ಲವೆ ಹಿತ್ತಿಲಿನ ಬೇಲಿಗೆ. ಅದರ ಯಾವ ಭಾಗವೂ ವ್ಯರ್ಥವಾಗುತ್ತಿರಲಿಲ್ಲ.

ರಾಶಿಯಾದ ಬೀಜದ ಮುಂದಿನ ದಾರಿ ಗಾಣ. ಬೀಜದ ತೂಕದಲ್ಲಿ ಸುಮಾರು ಶೇಕಡಾ 30ರಷ್ಟು ಎಣ್ಣೆ. ಆ ಎಣ್ಣೆಯಲ್ಲಿ ಶೇಕಡಾ 70ಕ್ಕೂ ಮಿಕ್ಕಿ ಲಿನೋಲಿಕ್ ಆಮ್ಲವಿದೆ. ಅದು ನಮ್ಮ ದೇಹಕ್ಕೆ ಅವಶ್ಯಕ, ಆದರೆ ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಕೊಲೆಸ್ಟರಾಲಿನ ಚಿಂತೆ ನಗರಗಳಲ್ಲಿ ಹಬ್ಬಿದಾಗ ಈ ಎಣ್ಣೆಗೆ ಒಂದು ಹೊಸ ಗೌರವ ಬಂದದ್ದು ಈ ಕಾರಣದಿಂದ. ನಮ್ಮ ಅಡುಗೆಮನೆಗೆ ಆ ಶಾಸ್ತ್ರ ಬೇಕಿರಲಿಲ್ಲ. ಬಿಸಿ ಜೋಳದ ರೊಟ್ಟಿ, ಮೇಲೊಂದಿಷ್ಟು ಗುರೆಳ್ಳು ಪುಡಿ, ಅದಕ್ಕೆ ಕುಸುಬಿ ಎಣ್ಣೆ. ಬೀಜವನ್ನು ನೆನೆಸಿ ರುಬ್ಬಿ ಸೋಸಿದರೆ ಕುಸುಬಿ ಹಾಲು, ಆ ಹಾಲಿಗೆ ಬೆಲ್ಲ ಸೇರಿದರೆ ಹುಗ್ಗಿ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿ ದನಕ್ಕೆ. ಎಳ್ಳಮಾವಾಸ್ಯೆಯ ದಿನ ಕನ್ನಡದವರೂ ಮರಾಠಿಯವರೂ ಒಂದೇ ಬಗೆಯಲ್ಲಿ ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ನಾಡಿದು. ನಾವು ಎಳ್ಳಮಾವಾಸ್ಯೆ ಎನ್ನುವುದನ್ನು ಅವರು ವೇಳ ಅಮಾವಾಸ್ಯಾ ಎನ್ನುತ್ತಾರೆ. ಹೊಲದಲ್ಲಿ ಚರಗ ಚೆಲ್ಲುವ ಆ ಹೊತ್ತಿಗೆ ಅಂಚಿನ ಕುಸುಬೆ ಮೊಗ್ಗಿಗೆ ಬರುತ್ತಿರುತ್ತದೆ.

ಗಾಣದ ಮಾತು ಬಂದಾಗ ನೆರೆಯ ಬಸವಕಲ್ಯಾಣವನ್ನು ನೆನೆಯದಿರಲಾಗದು. 12ನೆಯ ಶತಮಾನದ ಶರಣರ ಬಳಗದಲ್ಲಿ ಗಾಣದ ಕಣ್ಣಪ್ಪನಿದ್ದಾನೆ. ಎಣ್ಣೆ ತೆಗೆಯುವ ಕಾಯಕವನ್ನೇ ಹೆಸರಾಗಿ ಧರಿಸಿದವನು. ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಇಂದಿನ ಧಾರಾಶಿವ, ಲಾತೂರು ಜಿಲ್ಲೆಗಳಲ್ಲೂ ದೊರೆತಿವೆ. ದೇಗುಲದ ನಂದಾದೀವಿಗೆಗೆ ಗಾಣದಿಂದ ಇಷ್ಟು ಎಣ್ಣೆ ಎಂದು ದತ್ತಿ ಬಿಡುವುದು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಹೊಲ, ಗಾಣ, ದೀಪ, ಶಾಸನ ಎಲ್ಲವೂ ಒಂದೇ ಸರಪಳಿಯ ಕೊಂಡಿಗಳು.

ಇನ್ನು ಹೂವಿನ ಮಾತು. ಎಣ್ಣೆಬೀಜವಾಗುವುದಕ್ಕೆ ಮೊದಲು ಕುಸುಬೆಯ ಕೀರ್ತಿ ಇದ್ದದ್ದು ಬಣ್ಣದಲ್ಲಿ. ಅದರ ಎಸಳಿನಲ್ಲಿ ಎರಡು ಬಣ್ಣಗಳು ಅಡಗಿವೆ. ಹಳದಿ ನೀರಿನಲ್ಲಿ ಕರಗುತ್ತದೆ. ಕೆಂಪು ನೀರಿನಲ್ಲಿ ಕರಗದು, ಕ್ಷಾರದಲ್ಲಿ ಮಾತ್ರ ಕರಗುತ್ತದೆ. ನಮ್ಮ ಎಂಟನೆಯ ತರಗತಿಯ ಮಕ್ಕಳು ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಒಣಗಿದ ಎಸಳನ್ನು ತಣ್ಣೀರಿನಲ್ಲಿ ನೆನೆಸಿ ಹಿಂಡಿದರೆ ಹಳದಿ ಹರಿದುಹೋಗುತ್ತದೆ. ನೀರು ತಿಳಿಯಾಗುವವರೆಗೆ ತೊಳೆದು, ಆ ಎಸಳನ್ನು ಬಟ್ಟೆ ಒಗೆಯುವ ಸೋಡಾ ಬೆರೆಸಿದ ನೀರಿಗೆ ಹಾಕಿದರೆ ಕಂದುಗೆಂಪು ರಸ ಇಳಿಯುತ್ತದೆ. ಅದಕ್ಕೆ ಬಿಳಿಯ ಹತ್ತಿಬಟ್ಟೆ ಅದ್ದಿ, ಮೇಲಿನಿಂದ ನಿಂಬೆಯ ರಸ ಹಿಂಡಿದರೆ ಬಟ್ಟೆ ಗುಲಾಬಿಯಾಗುತ್ತ ಕೆಂಪಿಗೆ ತಿರುಗುತ್ತದೆ. ಆಮ್ಲ, ಕ್ಷಾರಗಳ ಪಾಠವನ್ನು ಪುಸ್ತಕದಲ್ಲಿ ಹತ್ತು ಸಲ ಓದಿದಾಗ ಹುಟ್ಟದ ಪ್ರಶ್ನೆಗಳು ಆ ಬಟ್ಟೆಯ ತುಂಡಿನಿಂದ ಹುಟ್ಟಿದವು.

ಆ ಕೆಂಪಿಗೆ ಒಂದು ದೌರ್ಬಲ್ಯವಿದೆ. ಅದು ಬಿಸಿಲಿಗೆ ಮಾಸುತ್ತದೆ. ನಮ್ಮ ಆಲಂಕಾರಿಕರು ಇದನ್ನೂ ಗಮನಿಸಿದ್ದರು. ಸಾಹಿತ್ಯದರ್ಪಣವನ್ನು ಬರೆದ ವಿಶ್ವನಾಥ ಅನುರಾಗವನ್ನು ಮೂರು ಬಣ್ಣಗಳ ಹೆಸರಿನಲ್ಲಿ ವಿಂಗಡಿಸುತ್ತಾನೆ. ನೀಲೀರಾಗ ಹೆಚ್ಚು ಹೊಳೆಯದು, ಆದರೆ ಬಿಡದು. ಕುಸುಂಭರಾಗ ಬಹಳ ಹೊಳೆಯುತ್ತದೆ, ಆದರೆ ಬಿಟ್ಟುಹೋಗುತ್ತದೆ. ಮಂಜಿಷ್ಠಾರಾಗ ಹೊಳೆಯುತ್ತದೆ, ಬಿಡುವುದೂ ಇಲ್ಲ. ಈ ಮೂರು ಮಾತುಗಳನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಕೊನೆಯಲ್ಲಿ ಅವುಗಳ ಅಗತ್ಯ ಬೀಳುತ್ತದೆ.

ಜಗತ್ತಿನ ಬೇರೆ ಭಾಗಗಳಲ್ಲಿ ಈ ಹೂವಿಗೆ ಇಂದಿಗೂ ಮಾನ್ಯತೆಯಿದೆ. ಜಪಾನಿನಲ್ಲಿ ಅದರ ಹೆಸರು ಬೆನಿಬಾನಾ. ಕಿಮೋನೋ ಬಟ್ಟೆಗೂ ತುಟಿಯ ಬಣ್ಣಕ್ಕೂ ಅದರ ಕೆಂಪನ್ನು ಬಳಸಿದರು. ಅಲ್ಲಿನ ಯಾಮಾಗಾತಾ ಪ್ರಾಂತ ಅದನ್ನು ತನ್ನ ಅಧಿಕೃತ ಹೂವೆಂದು ಸ್ವೀಕರಿಸಿದೆ. ಚೀನಾದ ಪಾರಂಪರಿಕ ವೈದ್ಯದಲ್ಲಿ ಅದು ಔಷಧ. ಯುರೋಪಿನಲ್ಲಿ ಹೂದಾನಿಗೆಂದೇ ಕುಸುಬೆ ಬೆಳೆಯುತ್ತಾರೆ. ದಂಟಿನ ಸಮೇತ ಕೊಯ್ದು ತಲೆಕೆಳಗಾಗಿ ತೂಗುಹಾಕಿ ಒಣಗಿಸಿದ ಹೂತಲೆಗಳು ಬಹುಕಾಲ ಬಣ್ಣ ಉಳಿಸಿಕೊಂಡು ಮನೆಯನ್ನು ಅಲಂಕರಿಸುತ್ತವೆ. ಇದರ ಎಸಳನ್ನು ಕೇಸರಿಗೆ ಬೆರಕೆ ಮಾಡಿ ಮಾರುವ ವಂಚಕರೂ ಇದ್ದಾರೆಂಬುದನ್ನು ಗೃಹಿಣಿಯರು ತಿಳಿದಿರಬೇಕು. ಗಮನಾರ್ಹವಾದ ಸಂಗತಿಯೆಂದರೆ, ಬೀಜ ಕಟ್ಟಿದ ಮೇಲೆ ಒಣಗಿದ ಎಸಳನ್ನು ಬಿಡಿಸಿಕೊಂಡರೆ ಬೀಜದ ಇಳುವರಿಗೆ ನಷ್ಟವಿಲ್ಲ. ಒಂದೇ ಗಿಡದಿಂದ ಹೂವಿನ ಫಸಲು, ಬೀಜದ ಫಸಲು ಎರಡೂ ಸಾಧ್ಯ.

ಇಷ್ಟೆಲ್ಲ ಗುಣಗಳಿದ್ದೂ ಕುಸುಬೆ ನಮ್ಮ ಹೊಲಗಳಿಂದ ಏಕೆ ಹೊರಟುಹೋಯಿತು? 1980ರ ದಶಕದಲ್ಲಿ ಭಾರತವು ಕುಸುಬೆಯ ವಿಸ್ತೀರ್ಣದಲ್ಲಿ ಜಗತ್ತಿನ ಮೊದಲ ಸ್ಥಾನದಲ್ಲಿತ್ತು. ಹಲವು ಲಕ್ಷ ಹೆಕ್ಟೇರುಗಳಲ್ಲಿ ಅದು ಹೂಬಿಡುತ್ತಿತ್ತು. ಅದರಲ್ಲಿ ಸಿಂಹಪಾಲು ಮಹಾರಾಷ್ಟ್ರ ಮತ್ತು ಕರ್ನಾಟಕದ್ದು, ಎಂದರೆ ನಮ್ಮ ಸೊಲ್ಲಾಪುರ, ಮರಾಠವಾಡಾ, ಕಲಬುರಗಿ, ಬೀದರ, ವಿಜಯಪುರ ಸೀಮೆಗಳದ್ದು. ಇತ್ತೀಚಿನ ವರ್ಷಗಳಲ್ಲಿ ದೇಶದ ಒಟ್ಟು ವಿಸ್ತೀರ್ಣ 1 ಲಕ್ಷ ಹೆಕ್ಟೇರಿನ ಕೆಳಗಿಳಿದಿದೆ. ಉತ್ಪಾದನೆಯಲ್ಲಿ ಇಂದು ಮುಂದಿರುವುದು ಕಜಕಿಸ್ತಾನ.

ಇದಕ್ಕೆ ರೈತರನ್ನು ದೂರುವುದು ಅನ್ಯಾಯ. ಕಾರಣಗಳು ಸ್ಪಷ್ಟವಾಗಿವೆ. ಮೊದಲನೆಯದು ಸೋಯಾಬೀನ್. ಜೂನ್ ತಿಂಗಳಲ್ಲಿ ಬಿತ್ತಿ, ದಸರೆ-ದೀಪಾವಳಿಯ ಹೊತ್ತಿಗೆ ಕೈಗೆ ಹಣ ತರುವ ಬೆಳೆ ಅದು. ಲಾತೂರಿನ ಮಾರುಕಟ್ಟೆ ಸಮೀಪದಲ್ಲೇ ಇದೆ. ಮುಂಗಾರಿನಲ್ಲಿ ಖಾಲಿ ಬಿಡುತ್ತಿದ್ದ ಹೊಲವನ್ನು ಸೋಯಾಬೀನ್ ತುಂಬಿತು. ಅದರ ಕೊಯ್ಲು ಮುಗಿಯುವಷ್ಟರಲ್ಲಿ ಕುಸುಬೆಯ ಬಿತ್ತನೆಯ ಸಮಯವೂ, ನೆಲದ ತೇವವೂ ಮೀರಿರುತ್ತವೆ. ತಡವಾಗಿ ಬಿತ್ತಿದ ಕುಸುಬೆಗೆ ಸಸ್ಯಹೇನಿನ ಕಾಟ ಹೆಚ್ಚು. ಎರಡನೆಯದು ಮುಳ್ಳು. ನಸುಕಿನಲ್ಲಿ ಎದ್ದು ಮುಳ್ಳು ಕೊಯ್ಯಲು ಕೂಲಿಯವರು ಒಪ್ಪುವುದಿಲ್ಲ, ಒಪ್ಪಬೇಕೆಂದು ಹೇಳುವ ಹಕ್ಕೂ ನಮಗಿಲ್ಲ. ಮೂರನೆಯದು ಆಮದು ಎಣ್ಣೆ. ನಾವು ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತದೆ. ಇಂಡೋನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆಯ ಅಗ್ಗದ ಬೆಲೆಯ ಮುಂದೆ ಊರಿನ ಗಾಣ ನಿಲ್ಲಲಿಲ್ಲ. ಗಾಣ ನಿಂತ ಮೇಲೆ ಬೀಜ ಬೆಳೆದವನು ಅದನ್ನು ಒಯ್ಯುವುದೆಲ್ಲಿಗೆ?

ವಿಜ್ಞಾನಿಗಳು ಕೈಕಟ್ಟಿ ಕುಳಿತಿರಲಿಲ್ಲ. ಆದಿಕವಿ ಪಂಪನ ಹೆಸರಿನೊಂದಿಗೆ ನಾವು ನೆನೆಯುವ ಅಣ್ಣಿಗೇರಿಯ ಕೃಷಿ ಸಂಶೋಧನ ಕೇಂದ್ರ ‘ಅಣ್ಣಿಗೇರಿ-1’ ಎಂಬ ತಳಿಯನ್ನು ಕೊಟ್ಟಿತು. ಸೊಲ್ಲಾಪುರದಿಂದ ‘ಭೀಮಾ’ ಬಂತು, ಪರಭಣಿಯ ಕೃಷಿ ವಿದ್ಯಾಪೀಠದಿಂದ ‘ಪರಭಣಿ ಕುಸುಮ’ ಬಂತು. ಸಾತಾರಾ ಜಿಲ್ಲೆಯ ಫಲಟಣದಲ್ಲಿರುವ ನಿಂಬಕರ ಕೃಷಿ ಸಂಶೋಧನ ಸಂಸ್ಥೆ ಮುಳ್ಳಿಲ್ಲದ ತಳಿಗಳನ್ನೇ ಬೆಳೆಸಿ ತೋರಿಸಿತು. ‘ನಾರಿ-6’ ಅವುಗಳಲ್ಲಿ ಒಂದು. ಅದರ ಹೂವನ್ನು ಬರಿಗೈಯಿಂದ ಬಿಡಿಸಬಹುದು. ಇಲ್ಲಿಯೂ ಒಂದು ವಿಚಾರವಿದೆ. ಮುಳ್ಳು ಹೋದರೆ ಕೊಯ್ಯುವವರಿಗೆ ಸುಖ, ಆದರೆ ಬೇಲಿಯ ಗುಣವೂ ಹೋಗುತ್ತದೆ. ಕಾಡುಹಂದಿ, ಜಿಂಕೆಗಳ ಹಾವಳಿಯಿಂದ ಬಳಲುತ್ತಿರುವ ನಮ್ಮ ರೈತರು ಹೊಲದ ನಡುವೆ ಯಾವುದು, ಅಂಚಿನಲ್ಲಿ ಯಾವುದು ಎಂದು ತೂಗಿ ನೋಡಬೇಕಾಗುತ್ತದೆ. ಆ ತೀರ್ಮಾನ ಅವರದು.

ಹಾಗಾದರೆ ಶಾಲೆಗೇನು ಕೆಲಸ? ಬೆಳೆಯ ಚಿಂತೆ ಕೃಷಿ ಇಲಾಖೆಯದಲ್ಲವೇ? ಪಾಲಕರಲ್ಲಿ ಕೆಲವರು ನಮ್ಮನ್ನು ನೇರವಾಗಿಯೇ ಕೇಳಿದ್ದಾರೆ. ಮಕ್ಕಳ ಕೈಗೆ ಕಂಪ್ಯೂಟರ್ ಕೊಡಬೇಕಾದ ಕಾಲದಲ್ಲಿ ಮುಳ್ಳಿನ ಗಿಡವನ್ನೇಕೆ ಕೊಡುತ್ತೀರಿ ಎಂದು. ಪ್ರಶ್ನೆ ನ್ಯಾಯವಾದದ್ದು. ಉತ್ತರ ಕೊಡುವುದು ನಮ್ಮ ಕರ್ತವ್ಯ.

ಒಂದು ಬೆಳೆ ಹೋದಾಗ ಅದರ ಜೊತೆಗೆ ಒಂದು ಶಬ್ದಕೋಶವೂ ಹೋಗುತ್ತದೆ. ಅಕ್ಕಡಿ ಸಾಲು, ಹರಗುವುದು, ತೂರುವುದು, ಕಣ, ರಾಶಿ, ಗಾಣ, ಹಿಂಡಿ, ಚರಗ, ಉತ್ತರೆ-ಹಸ್ತೆ ಮಳೆ, ಹಿಂಗಾರಿ ಹೊಲ. ಈ ಪದಗಳಲ್ಲಿ ಒಂದೂ ಕಷ್ಟದ ಪದವಲ್ಲ. ಆದರೂ ಪ್ರತಿ ವರ್ಷ ತರಗತಿಯಲ್ಲಿ ನಾವು ವಿವರಿಸಬೇಕಾದ ಪದಗಳ ಪಟ್ಟಿ ಉದ್ದವಾಗುತ್ತಿದೆ. ಕಣವನ್ನು ಕಂಡಿಲ್ಲದ ಮಗುವಿಗೆ ‘ಕಣ’ ಎಂಬುದು ವಿಜ್ಞಾನದ ಪುಸ್ತಕದ ಅತಿಸೂಕ್ಷ್ಮ ವಸ್ತು ಮಾತ್ರ. ಬೆಂಗಳೂರು, ಮೈಸೂರುಗಳಲ್ಲಿ ಇಂತಹ ಪದ ಮರೆಯಾದರೆ ಅದನ್ನು ಬರೆದಿಡಲು ವಿಶ್ವವಿದ್ಯಾಲಯಗಳಿವೆ, ಪತ್ರಿಕೆಗಳಿವೆ. ಇಲ್ಲಿ ಮರೆಯಾದರೆ ನಮ್ಮನ್ನು ಬಿಟ್ಟು ಕೇಳುವವರಿಲ್ಲ.

ನಮ್ಮ ಸ್ಥಿತಿಯ ಹಿನ್ನೆಲೆ ತಮಗೆ ತಿಳಿದದ್ದೇ. ಈ ಮೂರೂ ತಾಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಲಂಗಾ, ಉದಗೀರಗಳು ಬೀದರ ಜಿಲ್ಲೆಗೇ ಸೇರಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮರಾಠವಾಡಾ ಮುಂಬಯಿ ರಾಜ್ಯಕ್ಕೆ ಸೇರಿತು, 1960ರ ಮೇ 1ರಿಂದ ಮಹಾರಾಷ್ಟ್ರವಾಯಿತು. ಗೆರೆ ಸರಿಯಿತು, ಹೊಲಗಳು ಇದ್ದಲ್ಲಿಯೇ ಇದ್ದವು. ಕನ್ನಡ ಮಾತನಾಡುವ ಮನೆಗಳೂ ಇದ್ದಲ್ಲಿಯೇ ಉಳಿದವು. ಮಹಾರಾಷ್ಟ್ರ ಸರಕಾರದ ಪಠ್ಯಪುಸ್ತಕ ಮಂಡಳ ‘ಬಾಲಭಾರತಿ’ ಪುಣೆಯಿಂದ ಇಂದಿಗೂ ನಮಗಾಗಿ ಕನ್ನಡದಲ್ಲಿ ಪುಸ್ತಕಗಳನ್ನು ಮುದ್ರಿಸುತ್ತಿದೆ ಎಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ನಮ್ಮ ಮಕ್ಕಳು ಕನ್ನಡದ ಜೊತೆಗೆ ಮರಾಠಿಯನ್ನೂ, ಹಿಂದಿ, ಇಂಗ್ಲಿಷುಗಳನ್ನೂ ಕಲಿಯುತ್ತಾರೆ. ಅದು ಭಾರವಲ್ಲ, ಸಂಪತ್ತು. ಕುಸುಬೆಯನ್ನು ಕರಡಈ ಎಂದೂ ಬಲ್ಲ ಮಗು ಒಂದು ಹೆಸರನ್ನು ಕಳೆದುಕೊಂಡಿಲ್ಲ, ಇನ್ನೊಂದನ್ನು ಗಳಿಸಿದೆ. ನಮ್ಮ ಆತಂಕ ಅದಲ್ಲ. ಎರಡು ಹೆಸರನ್ನೂ ಬಿಟ್ಟು, ಗಿಡವನ್ನೂ ಅರಿಯದೆ, ಡಬ್ಬದ ಮೇಲಿನ ಅಕ್ಷರ ಮಾತ್ರ ಓದಬಲ್ಲ ಮಗು ಬೆಳೆಯಬಾರದೆಂಬುದು ನಮ್ಮ ಆತಂಕ.

ಕನ್ನಡ ಮಾಧ್ಯಮಕ್ಕೂ ಕುಸುಬೆಗೂ ಒಂದೇ ಬಗೆಯ ಪ್ರಶ್ನೆ ಎದುರಾಗಿದೆ. ಇದರಿಂದ ಲಾಭವೇನು, ಹೆಚ್ಚು ಬೇಗ ಹಣ ತರುವ ಇನ್ನೊಂದು ಇದೆಯಲ್ಲ ಎಂಬ ಪ್ರಶ್ನೆ. ಆ ಪ್ರಶ್ನೆ ಕೇಳುವವರನ್ನು ನಾವು ನಿಂದಿಸುವುದಿಲ್ಲ. ತಮ್ಮ ಮಗುವಿನ ಭವಿಷ್ಯದ ಬಗ್ಗೆ ಚಿಂತಿಸದ ತಂದೆತಾಯಿಯರಿಲ್ಲ. ನಾವು ಹೇಳುವುದಿಷ್ಟೇ: ಇಡೀ ಹೊಲಕ್ಕೆ ಕುಸುಬೆಯನ್ನೇ ಬಿತ್ತಿ ಎಂದು ಹಿರಿಯರು ಎಂದೂ ಹೇಳಲಿಲ್ಲ. ಅಂಚಿಗೆ ನಾಲ್ಕು ಸಾಲು ಬಿಡಿ ಎಂದರು. ಮಳೆ ಕೈಕೊಟ್ಟ ವರ್ಷ ನಡುವಿನ ಬೆಳೆ ಒಣಗಿದರೂ ಆಳಕ್ಕೆ ಬೇರಿಳಿಸಿದ ಅಂಚಿನ ಸಾಲು ಏನಾದರೂ ಕೊಡುತ್ತಿತ್ತು. ತಾಯಿನುಡಿಯಲ್ಲಿ ದೊರೆತ ಮೊದಲ ಕಲಿಕೆ ಅಂತಹ ಬೇರು. ಮುಂದೆ ಯಾವ ಭಾಷೆಯಲ್ಲಿ ಏನನ್ನೇ ಓದಿದರೂ ಅದು ಆಳದಿಂದ ತೇವವನ್ನು ತರುತ್ತಲೇ ಇರುತ್ತದೆ. ಈ ಶಾಲೆಯಿಂದ ಹೋಗಿ ಬೇರೆ ಬೇರೆ ವೃತ್ತಿಗಳಲ್ಲಿ ನೆಲೆನಿಂತು ಇಂದು ಇಲ್ಲಿ ಕುಳಿತಿರುವ ತಾವೇ ಅದಕ್ಕೆ ಪ್ರಮಾಣ.

ಮಾತಿನಲ್ಲೇ ಮುಗಿಸದೆ ನಾವು ಮೂರು ಕೋರಿಕೆಗಳನ್ನು ಮುಂದಿಡುತ್ತೇವೆ.

ಪಾಲಕರಲ್ಲಿ ಕೋರಿಕೆ: ಈ ಹಿಂಗಾರಿಗೆ ಹೊಲವಿದ್ದವರು ಒಂದಂಚಿಗೆ ಎರಡೇ ಸಾಲು ಕುಸುಬೆ ಬಿಡಿ. ಕಡಲೆಯ ಹೊಲವಾದರೂ ಸರಿ. ಹೂಬಿಟ್ಟ ಕಾಲಕ್ಕೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಬರಲು ನಮಗೆ ಅನುಮತಿ ಕೊಡಿ. ಶಾಲೆಯ ಹಿಂಭಾಗದ ಜಾಗದಲ್ಲಿ ನಾವೂ ಬಿತ್ತುತ್ತೇವೆ. ಚಿಕ್ಕ ಮಕ್ಕಳಿಗಾಗಿ ಮುಳ್ಳಿಲ್ಲದ ತಳಿ, ದೊಡ್ಡವರಿಗಾಗಿ ಮುಳ್ಳಿನ ತಳಿ.

ಹಿರಿಯ ಹಳೆಯ ವಿದ್ಯಾರ್ಥಿಗಳಲ್ಲಿ, ವಿಶೇಷವಾಗಿ ಅಜ್ಜಿಯರಲ್ಲಿ ಕೋರಿಕೆ: ಬಿತ್ತನೆಯಿಂದ ಗಾಣದವರೆಗೆ ತಾವು ಬಳಸಿದ ಪದಗಳನ್ನು, ಕುಸುಬಿ ಹಾಲಿನ ಹುಗ್ಗಿ ಮಾಡುವ ಕ್ರಮವನ್ನು, ಕೊಯ್ಲಿನ ಹೊತ್ತಿನ ಹಾಡುಗಳನ್ನು ನಮ್ಮ ಮಕ್ಕಳಿಗೆ ಹೇಳಿ. ಅವರು ಬರೆದುಕೊಳ್ಳುತ್ತಾರೆ. ಕನ್ನಡದ ಪದದ ಎದುರಿಗೆ ಮರಾಠಿಯ ಪದವನ್ನೂ ಬರೆಯುತ್ತಾರೆ. ಆ ಪುಸ್ತಕ ಶಾಲೆಯ ಗ್ರಂಥಾಲಯದಲ್ಲಿ ಉಳಿಯುತ್ತದೆ.

ಶಿಕ್ಷಕ ಮಿತ್ರರಲ್ಲಿ ಕೋರಿಕೆ: ಈ ಒಂದು ಗಿಡದಿಂದ ಎಷ್ಟು ಪಾಠಗಳು ಹುಟ್ಟುತ್ತವೆಂದು ನೋಡಿ. ಬೇರಿನಿಂದ ಸಸ್ಯಶಾಸ್ತ್ರ, ಬಣ್ಣದಿಂದ ರಸಾಯನಶಾಸ್ತ್ರ, ಎಣ್ಣೆಯ ಶೇಕಡಾವಾರಿನಿಂದ ಗಣಿತ, ಆಮದಿನಿಂದ ಅರ್ಥಶಾಸ್ತ್ರ, ಮೆಡಿಟರೇನಿಯನ್ತೀರದಿಂದ ಭೂಗೋಳ, ಗಾಣದ ಕಣ್ಣಪ್ಪನಿಂದ ಸಾಹಿತ್ಯ. ಪಠ್ಯಪುಸ್ತಕವನ್ನು ಬದಿಗಿಡಬೇಕಿಲ್ಲ. ಅದನ್ನು ಹೊಲದವರೆಗೆ ಒಯ್ದರೆ ಸಾಕು.

ಕೊನೆಯಲ್ಲಿ ಒಂದು ಮಾತು. ಶತಮಾನೋತ್ಸವದ ಸಂಭ್ರಮದಲ್ಲಿ ಎಲ್ಲರ ಮನಸ್ಸೂ ತುಂಬಿದೆ. ಶಾಲೆಯ ಬಗ್ಗೆ, ಭಾಷೆಯ ಬಗ್ಗೆ ಇಂದು ನಾವೆಲ್ಲ ತೋರಿಸುತ್ತಿರುವ ಅನುರಾಗ ಬಹಳ ಹೊಳೆಯುತ್ತಿದೆ. ಚಪ್ಪರ ಬಿಚ್ಚಿದ ಮೇಲೆ ಅದು ಬಿಸಿಲಿಗೆ ಮಾಸಿದರೆ ಕುಸುಂಭರಾಗವಾಗುತ್ತದೆ. ಮುಂದಿನ ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಮಕ್ಕಳನ್ನು ಸೇರಿಸುವಾಗಲೂ, ಮಳೆ ಸೋರುವ ಕೋಣೆಯ ಹಂಚು ಹೊದಿಸುವಾಗಲೂ, ಹತ್ತು ವರ್ಷಗಳ ನಂತರ ಯಾರೂ ಭಾಷಣ ಮಾಡದ ಸಾಮಾನ್ಯ ದಿನದಲ್ಲೂ ಅದು ಉಳಿದಿದ್ದರೆ ಮಂಜಿಷ್ಠಾರಾಗವಾಗುತ್ತದೆ. ಹೊಲದ ಅಂಚಿಗೆ ಕುಸುಬೆಯ ಹೂವಿರಲಿ, ಮನಸ್ಸಿನಲ್ಲಿ ಮಂಜಿಷ್ಠದ ಬಣ್ಣವಿರಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.